ಸಂಡಿಗೆ ಕಾಯ್ದ ಪಿಸ್ತೂಲು

ಈ ಬರಹದಲ್ಲಿ ಒಂದು ಕಡೆ ಮಂಗವೊಂದು ಪಿಸ್ತೂಲು ಹಾರಿಸುತ್ತದೆ. ನಿಜವಾಗಿ ಹಾರಿಸಿತೋ ಇಲ್ಲವೋ ನನಗೆ ಖಾತ್ರಿಯಿಲ್ಲ. ಆ ಹೊತ್ತಿಗೆ ನಾನು ಮಾಳಿಗೆಯ ಮೆಟ್ಟಿಲ ಮೇಲೆ ನಿಂತಿದ್ದೆನೆಂದು ನನ್ನ ನೆನಪು ಹೇಳುತ್ತದೆ. ನಾನು ಕೆಳಗೆ ಅಡುಗೆಮನೆಯಲ್ಲಿ ಹಸಿ ಸಂಡಿಗೆ ಹಿಟ್ಟು ತಿನ್ನುತ್ತ ಕೂತಿದ್ದೆನೆಂದು ವತ್ಸಲಕ್ಕ ಹೇಳುತ್ತಾಳೆ. ಹಿಟ್ಟು ತಿಂದದ್ದಂತೂ ಹೌದು. ಆದರೆ ಒಬ್ಬನೇ ಹುಡುಗ ಎರಡು ಕಡೆ ಇರುವುದು ಸಾಧ್ಯವಿಲ್ಲ. ಇತಿಹಾಸ ಓದುತ್ತೇನೆಂದು ಧಾರವಾಡಕ್ಕೆ ಹೋಗಿ, ವರ್ಷದೊಳಗೆ ಬೇಜಾರಾಗಿ, ಮನಃಶಾಸ್ತ್ರ ಓದಿ ಮರಳಿದವನು ನಾನು. ಅಲ್ಲಿ ಕಲಿತದ್ದರಲ್ಲಿ ಇಂದಿಗೂ ಉಳಿದಿರುವುದು ಒಂದೇ ಮಾತು: ಮನುಷ್ಯ ಕಂಡದ್ದನ್ನು ನೆನಪಿಡುವುದಿಲ್ಲ, ಹೇಳಿ ಹೇಳಿ ರೂಢಿಯಾದದ್ದನ್ನೇ ಕಂಡೆನೆಂದು ತಿಳಿಯುತ್ತಾನೆ. ಈ ಕಥೆಯನ್ನು ನಮ್ಮ ಮನೆಯಲ್ಲಿ ಪ್ರತಿ ಬೇಸಿಗೆ ಹೇಳಿದ್ದೇವೆ. ಅದರಲ್ಲಿ ನಿಜದ ಪಾಲು ಎಷ್ಟು ಉಳಿದಿದೆಯೋ ದೇವರೇ ಬಲ್ಲ. ದೇವರ ಬಗೆಗೂ ನನಗೆ ಖಾತ್ರಿಯಿಲ್ಲದ್ದರಿಂದ ಆ ದಾರಿಯೂ ಮುಚ್ಚಿದೆ.

ಕಥೆ ಮತ್ತೆ ತಲೆ ಎತ್ತಿದ್ದಕ್ಕೆ ಕಾರಣ ನನ್ನ ಮೊಬೈಲು. ಬಾಗಲಕೋಟೆಯ ನವನಗರದಲ್ಲಿರುವ ನಮ್ಮ ತಾರಸಿಗೂ ಈಚೆಗೆ ಮಂಗಗಳು ಬರತೊಡಗಿವೆ. ಹೆಂಡತಿ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿಯನ್ನು ಒಂದು ಮರಿ ಕಚ್ಚಿ, ಮುಖ ಸಿಂಡರಿಸಿ, ಆ ಸಿಟ್ಟಿಗೆ ಇಡೀ ಮೊರವನ್ನು ಬೀದಿಗೆ ಚೆಲ್ಲಿತು. ಏನಾದರೂ ಉಪಾಯ ನೋಡಿರೆಂದು ಅವಳು ಹೇಳಿದಳು. ನಾನು ಮೊಬೈಲಿನಲ್ಲಿ ಮಂಗ, ಸದ್ದು, ಪಿಸ್ತೂಲು, ಕಡಿಮೆ ಬೆಲೆ ಎಂದೆಲ್ಲ ಬರೆದು ಹುಡುಕಿದೆ. ಅದು ಮಂಗವನ್ನು ಬಿಟ್ಟು ಪಿಸ್ತೂಲನ್ನು ಹಿಡಿದುಕೊಂಡಿತು. ಕಡಿಮೆ ಖರ್ಚಿನಲ್ಲಿ ಮೊದಲ ಸೆಮಿ ಆಟೋಮ್ಯಾಟಿಕ್ ಪಿಸ್ತೂಲನ್ನು ಆರಿಸಿಕೊಳ್ಳುವುದು ಹೇಗೆ ಎಂಬ ಉದ್ದನೆಯ ಲೇಖನ ತೆರೆದುಕೊಂಡಿತು. ಯಾವುದೋ ದೇಶದ ಯಾವನೋ ಪುಣ್ಯಾತ್ಮ ಬರೆದದ್ದು. ಹಿಡಿಕೆ ಕೈಗೆ ಕೂಡಬೇಕು, ಟ್ರಿಗರೆಂಬ ಕುದುರೆ ಎಳೆದರೆ ಬೆರಳು ನೋಯಬಾರದು, ಗುಂಡು ಸೋವಿಯಾಗಿ ಸಿಗಬೇಕು, ನಡುವೆ ಸಿಕ್ಕಿಕೊಳ್ಳಬಾರದು, ಅಗ್ಗವೆಂದು ಮೋಸಹೋಗಬಾರದು. ಓದುತ್ತ ಓದುತ್ತ ನನಗೆ ನಗು ತಡೆಯಲಾಗಲಿಲ್ಲ. ಅವನು ಬರೆದದ್ದನ್ನೆಲ್ಲ ನಮ್ಮಪ್ಪ ಮೂವತ್ತು ವರ್ಷದ ಹಿಂದೆಯೇ ಹಳೆಯ ಬಾಗಲಕೋಟೆಯ ಬಜಾರಿನಲ್ಲಿ ನಿಂತು, ಒಂದು ತಗಡಿನ ಪಿಸ್ತೂಲನ್ನು ಕೈಯಲ್ಲಿ ಹಿಡಿದು, ನನ್ನ ಎದುರಿಗೇ ವಿಚಾರ ಮಾಡಿದ್ದರು. ಮಾಡಿದ್ದರೆಂದು ನನ್ನ ನೆನಪು.

ಆಗ ನಾವು ಇಳಕಲ್ಲಿನಲ್ಲಿದ್ದೆವು. ಅಪ್ಪ ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ನಾನು ಆರನೆಯ ಇಯತ್ತೆ. ಸಾಲಿಗೆ ಸೂಟಿ ಬಿಟ್ಟಿದ್ದ ಏಪ್ರಿಲ್ ತಿಂಗಳ ಒಂದು ಮುಂಜಾನೆ ಮುಖ್ಯಾಧ್ಯಾಪಕರ ಕೋಣೆಯ ಫೋನಿಗೆ ಬದಾಮಿಯಿಂದ ಕರೆ ಬಂತು. ಮಾಡಿದವಳು ಸಿಂಧು ಮಾವಶಿ, ಅಂದರೆ ನನ್ನ ತಾಯಿಯ ತಂಗಿ. ಬದಾಮಿಯಲ್ಲಿ ಹುಡುಗಿಯರ ಸಾಲಿಗೆ ಗಣಿತ ಕಲಿಸುತ್ತಿದ್ದಳು. ಹಿಂದಿನ ಬೆಂಚಿಗೆ ಕೇಳಿಸುವಂತೆ ಮಾತಾಡಿ ರೂಢಿಯಾದ ಅವಳ ಧ್ವನಿಗೆ ಫೋನೆಂಬುದು ಒಂದು ನೆಪ ಮಾತ್ರ, ಬಾಗಿಲು ತೆರೆದಿದ್ದರೆ ಬದಾಮಿಯಿಂದ ನೇರವಾಗಿಯೇ ಕೇಳಿಸುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು.

"ಭಾವ, ಬೀಗರು ಬರೂದ್ರಾಗ ನನಗೊಂದು ಪಿಸ್ತೂಲ್ ಬೇಕು" ಎಂದಳಂತೆ.

ಎದುರಿಗೆ ಕೂತಿದ್ದ ಮುಖ್ಯಾಧ್ಯಾಪಕರು ಪೆನ್ನಿನ ಟೊಪ್ಪಿಗೆ ಹಾಕಿ, ಅಪ್ಪ ಫೋನು ಇಡುವವರೆಗೆ ಕಾದು, ಬೀಗತನದಲ್ಲಿ ಏನೇ ಇದ್ದರೂ ಕೂತು ಮಾತಾಡಿ ಬಗೆಹರಿಸಿಕೊಳ್ಳುವುದು ಲೇಸೆಂದು ಬುದ್ಧಿ ಹೇಳಿದರಂತೆ. ಇದು ಅಪ್ಪ ಹೇಳಿದ್ದು. ಅಪ್ಪನ ಕಥೆಗಳಲ್ಲಿ ಮುಖ್ಯಾಧ್ಯಾಪಕರು ಯಾವಾಗಲೂ ಪೆನ್ನಿನ ಟೊಪ್ಪಿಗೆ ಹಾಕುತ್ತಾರೆ, ಆದ್ದರಿಂದ ಅದನ್ನು ನಾನು ಪೂರ್ತಿ ನಂಬುವುದಿಲ್ಲ.

ವಿಷಯ ಇಷ್ಟು. ಮಾವಶಿಯ ಮಗಳು ವತ್ಸಲಕ್ಕನ ಲಗ್ನ ಬಾಗಲಕೋಟೆಯ ವರನೊಂದಿಗೆ ಗೊತ್ತಾಗಿತ್ತು. ನಮ್ಮ ಕಡೆ ಲಗ್ನವೆಂದರೆ ಮೊದಲು ಹಪ್ಪಳ ಸಂಡಿಗೆ. ಒಳ್ಳೆಯ ದಿನ ನೋಡಿ ಐವರು ಮುತ್ತೈದೆಯರು ಕೈ ಹಚ್ಚಬೇಕು, ಮನೆಯ ಮಾಳಿಗೆಯ ಮೇಲೆಯೇ ಒಣಗಬೇಕು, ಬುಟ್ಟಿ ತುಂಬಿ ಬೀಗರ ಮುಂದೆ ಇಡಬೇಕು. ಅಂಗಡಿಯಿಂದ ತಂದರೆ ಸೋತಂತೆ. ಇದು ಬೀಗರಿಗೂ ಗೊತ್ತು, ಬದಾಮಿಯ ಮಂಗಗಳಿಗೂ ಗೊತ್ತು. ನಿಶ್ಚಯದ ದಿನ ಎಲೆ ಅಡಿಕೆ ಹಾಕಿಕೊಳ್ಳುತ್ತ ವರನ ತಾಯಿ ರಮಾಬಾಯಿಯವರು ಒಂದು ಮಾತು ಬಿಟ್ಟಿದ್ದರು.

"ಬದಾಮಿ ಸಂಡಿಗಿ ಅಂದ್ರ ಮಂಗ್ಯಾ ತಿಂದು ಉಳಿದದ್ದು ನಮಗ ಬರೂದೇನ್ರಿ?"

ನಗುತ್ತಲೇ ಅಂದದ್ದು. ಎಲ್ಲರೂ ನಕ್ಕರು, ಮಾವಶಿಯೂ ನಕ್ಕಳು. ಬೀಗರು ಹೋದ ಮೇಲೆ ನಗು ನಿಲ್ಲಿಸಿದಳು. ಸಿಟ್ಟಿನಿಂದ ಅಂದದ್ದಕ್ಕೆ ಸಿಟ್ಟಿನಿಂದ ಉತ್ತರ ಕೊಡಬಹುದು, ನಗುತ್ತ ಅಂದದ್ದಕ್ಕೆ ಕೆಲಸ ಮಾಡಿ ತೋರಿಸುವುದೊಂದೇ ಉತ್ತರ ಎಂಬುದು ಅವಳ ಲೆಕ್ಕ. ಅದಕ್ಕೇ ಸಂಡಿಗೆಯನ್ನು ರೂಢಿಗಿಂತ ಮುಂಚೆಯೇ ಹಾಕಿದಳು. ಮೊದಲ ದಿನದ ಸಂಡಿಗೆ ಅರ್ಧ ಒಣಗಿದ್ದಾಗ, ಹಾಲು ಉಕ್ಕುವ ವಾಸನೆ ಬಂತೆಂದು ಕೆಳಗಿಳಿದು ಮತ್ತೆ ಹತ್ತುವುದರೊಳಗೆ, ಮಾಳಿಗೆಯ ಮೇಲೆ ಹಾಸಿದ ಬಿಳಿ ಧೋತರ ಮಾತ್ರ ಉಳಿದಿತ್ತು. ಅದನ್ನೂ ಎರಡು ಮರಿಗಳು ಆಚೀಚೆ ಹಿಡಿದು ಎಳೆದಾಡುತ್ತಿದ್ದವು. ಕೋಲಿಗೆ ಅವು ಅಂಜಲಿಲ್ಲ. ಬದಾಮಿಯ ಮಂಗಗಳು ದಿನವೂ ಪ್ರವಾಸಿಗರನ್ನು ನೋಡಿ ಪಳಗಿದವು, ಮನುಷ್ಯನ ಬಗೆಗೆ ಅವಕ್ಕೆ ವಿಶೇಷ ಗೌರವವಿಲ್ಲ. ಆದರೆ ಮೇಣಬಸದಿಯ ಗುಹೆಗಳ ಕಡೆ ಯಾರೋ ಟಿಕಳಿ ಪಿಸ್ತೂಲಿನಿಂದ ಒಂದು ಸದ್ದು ಮಾಡಿದರೆ ಹಿಂಡಿಗೆ ಹಿಂಡೇ ಗುಡ್ಡ ಏರಿತೆಂದು ಮಾವಶಿಗೆ ಸುದ್ದಿ ಸಿಕ್ಕಿತ್ತು. ಟಿಕಳಿ ಎಂದರೆ ದೀಪಾವಳಿಯಲ್ಲಿ ಮಕ್ಕಳು ಹಾರಿಸುವ ಆ ಕೆಂಪು ಕಾಗದದ ಮದ್ದಿನ ಚುಕ್ಕಿ.

ಗಣಿತದವಳಾದ್ದರಿಂದ ಬಜೆಟ್ಟನ್ನೂ ಅವಳೇ ಹೇಳಿದ್ದಳು. ಪಿಸ್ತೂಲಿನ ಬೆಲೆ ಮಂಗಗಳು ತಿಂದ ಸಂಡಿಗೆಯ ಬೆಲೆಗಿಂತ ಕಡಿಮೆ ಇರಬೇಕು. ಹೆಚ್ಚಾದರೆ ಮಂಗಗಳಿಗೇ ಎಲೆ ಹಾಕಿ ಬಡಿಸುವುದು ಲಾಭ.

ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಅಪ್ಪ ಬಾಗಲಕೋಟೆಗೆ ಹೋಗುವುದಿತ್ತು, ನನ್ನನ್ನೂ ಕರೆದೊಯ್ದರು. ಸಂಜೆ ಬಜಾರಿಗೆ ಹೋದೆವು. ಆ ಬಜಾರು ಈಗ ಅಣೆಕಟ್ಟಿನ ಹಿನ್ನೀರಿನ ಪಾಲಾಗಿದೆ. ನೆನಪನ್ನು ಪರೀಕ್ಷಿಸುವ ಚಟವಿರುವ ನನ್ನಂಥವನಿಗೆ ಇದೊಂದು ದೊಡ್ಡ ಕಷ್ಟ: ಸಾಕ್ಷಿ ಕೇಳಲು ಹೋದರೆ ನೀರು ಕಾಣುತ್ತದೆ. ಅಂಗಡಿಯ ಮುಂದೆ ಬೇವಿನ ಮರವಿತ್ತೆಂದು ನಾನು ವಾದಿಸಬಹುದು, ಇರಲಿಲ್ಲವೆಂದು ಅಪ್ಪ ವಾದಿಸಬಹುದು, ಇಬ್ಬರನ್ನೂ ಕೇಳಿಸಿಕೊಂಡು ಘಟಪ್ರಭೆ ಸುಮ್ಮನಿರುತ್ತದೆ.

ಬೇಸಿಗೆಯಲ್ಲಿ ಟಿಕಳಿ ಪಿಸ್ತೂಲು ಕೇಳುವುದೆಂದರೆ ಶಿವರಾತ್ರಿಯಲ್ಲಿ ಹೋಳಿಗೆ ಕೇಳಿದಂತೆ. ಅಂಗಡಿಯವರು ಅಟ್ಟ ಹತ್ತಿ, ಹಳೆಯ ದೀಪಾವಳಿಯ ರಟ್ಟಿನ ಖೊಕ್ಕೆ ಇಳಿಸಿ, ಧೂಳು ಹೊಡೆದು, ಮೂರು ಪಿಸ್ತೂಲು ಗಾದಿಯ ಮೇಲೆ ಇಟ್ಟರು. ಮೊದಲನೆಯದು ಕರಿ ಕಬ್ಬಿಣದ್ದು, ತೂಕಕ್ಕೆ ನನ್ನ ಕೈ ಬಾಗಿತು. ಸದ್ದು ಭಾರಿ, ಆದರೆ ಒಂದು ಸಲಕ್ಕೆ ಒಂದೇ ಟಿಕಳಿ ಇಟ್ಟು ಹಾರಿಸಬೇಕು. ಎರಡನೆಯದು ಕೆಂಪು ದೀಪ ಹತ್ತುವ ಪ್ಲಾಸ್ಟಿಕ್ಕಿನದು, ರ್‍ರ್‍ ಎಂದು ಅಳುತ್ತಿತ್ತು. ನನಗೆ ಅದೇ ಬೇಕಿತ್ತು, ನನ್ನನ್ನು ಯಾರೂ ಕೇಳಲಿಲ್ಲ. ಮೂರನೆಯದು ಬೆಳ್ಳಿ ಬಣ್ಣದ ತಗಡಿನದು, ಹಿಡಿಕೆಯ ಮೇಲೆ ಕುದುರೆಯ ಚಿತ್ರ, ಹೊಟ್ಟೆಯೊಳಗೆ ಟಿಕಳಿಯ ರೋಲು ಕೂರಲು ಜಾಗ.

"ಮಾಸ್ತರ, ಇದಕ್ಕ ಸೆಮಿ ಆಟೋಮ್ಯಾಟಿಕ್ ಅಂತಾರ್ರಿ" ಎಂದರು ಅಂಗಡಿಯವರು. "ಒಮ್ಮೆ ರೋಲ್ ಹಾಕಿದ್ರ ತಾನ ಮುಂದ ಸರೀತದ. ನೀವು ಕುದರಿ ಎಳೀಬೇಕು, ಅಷ್ಟ."

"ಪೂರಾ ಆಟೋಮ್ಯಾಟಿಕ್ ಇಲ್ಲೇನ್ರಿ?"

"ಪೂರಾ ಇದ್ದಿದ್ರ ಅದು ನಿಮ್ಮನ್ನ ಕೇಳ್ತಿರಲಿಲ್ಲ ಬಿಡ್ರಿ. ತಾನ ಬಸ್ ಹತ್ತಿ ಬದಾಮಿಗೆ ಹೋಗ್ತಿತ್ತು."

ಅಪ್ಪ ಅಲ್ಲಿಯೇ ನಿಂತು ವಿಚಾರಕ್ಕಿಳಿದರು. ಮಂಗವೆಂಬುದು ಎರಡನೆಯ ಟಿಕಳಿ ಇಡುವವರೆಗೆ ಕಾಯುವ ಪ್ರಾಣಿಯಲ್ಲ. ಮೊದಲ ಸದ್ದಿಗೆ ಜಿಗಿದು, ಮಾಳಿಗೆಯಂಚಿನ ಕುಂಬಿಯ ಮೇಲೆ ಕೂತು, ಮುಂದೇನು ಎಂದು ನೋಡುತ್ತದೆ. ಆಗ ಎರಡನೆಯದು ಬರಲೇಬೇಕು. ಆದ್ದರಿಂದ ಕರಿ ಪಿಸ್ತೂಲು ಬೇಡ. ಮಾವಶಿಯ ಬೆರಳು ಸೀಮೆಸುಣ್ಣ ಹಿಡಿದು ರೂಢಿಯಾದದ್ದು, ಆದ್ದರಿಂದ ಕುದುರೆ ಸಡಿಲವಾಗಿರಬೇಕು. ಅಪ್ಪ ಎಳೆದು ನೋಡಿದರು, ಸಡಿಲವಾಗಿತ್ತು. ಅದು ಸಡಿಲವಾಗಿದ್ದದ್ದು ಒಳಗಿನ ಸ್ಪ್ರಿಂಗು ಬಡಕಲಾಗಿದ್ದರಿಂದ, ಬಡಕಲು ಸ್ಪ್ರಿಂಗಿನ ಸುತ್ತಿಗೆ ಟಿಕಳಿಗೆ ಮುತ್ತು ಕೊಟ್ಟಂತೆ ಬಡಿಯುತ್ತದೆ ಎಂಬುದು ವಿಜ್ಞಾನದ ಮಾಸ್ತರರಿಗೆ ಹೊಳೆಯಬೇಕಿತ್ತು. ಇದೇ ಮಾದರಿಯಲ್ಲಿ ಇನ್ನೂ ಗಟ್ಟಿಯಾದ ನಾಲ್ಕನೆಯದೊಂದು ಇತ್ತೆಂದೂ, ಅದು ಮಾವಶಿಯ ಸಂಡಿಗೆ ಲೆಕ್ಕವನ್ನು ಮೀರುತ್ತಿತ್ತೆಂದೂ ಅಪ್ಪ ಈಗ ಹೇಳುತ್ತಾರೆ. ಅಂಗಡಿಯವರು ಒಂದು ಟಿಕಳಿ ಹಾರಿಸಿ ತೋರಿಸಿದರು. ಹಾರಿತು. ಬೀದಿಯಲ್ಲಿ ನಿಂತಿದ್ದ ಎಮ್ಮೆಯೊಂದು ತಿರುಗಿ ನೋಡಿ ಮತ್ತೆ ಮೆಲುಕು ಹಾಕಿತು. ಎಮ್ಮೆಯ ಅಭಿಪ್ರಾಯವನ್ನು ನಾವು ಲೆಕ್ಕಕ್ಕೆ ಹಿಡಿಯಬೇಕಿತ್ತು.

ಇಳಕಲ್ಲಿಗೆ ಬಂದು ನೋಡಿದರೆ ಬೇರೆಯದೇ ತೊಂದರೆ. ರೋಲಿನ ಕಾಗದ ಮಳೆಗಾಲ ಕಂಡು ಸತ್ತುಹೋಗಿತ್ತು, ಕೆಂಪು ಬಣ್ಣ ಮಾಸಿ ಗುಲಾಬಿಯಾಗಿತ್ತು. ಒಂದು ಟಿಕಳಿ ಹಾರುವುದು, ಎರಡನೆಯದಕ್ಕೆ ಸರಿಯುವಾಗ ಕಾಗದ ಹರಿಯುವುದು. ಸೆಮಿ ಆಟೋಮ್ಯಾಟಿಕ್ಕಿನಲ್ಲಿ ಸೆಮಿ ಮಾತ್ರ ಉಳಿಯಿತು. ಅಪ್ಪ ಕಟ್ಟೆಯ ಮೇಲೆ ಕೂತು ಹರಿದ ತುಂಡು ಜೋಡಿಸುತ್ತಿದ್ದಾಗ ಎದುರು ಮನೆಯ ಶಂಕ್ರವ್ವ ಬಂದು ನಿಂತಳು. ಅವರದು ನೇಕಾರರ ಮನೆ. ಗಂಡ ಕುಣಿಮಗ್ಗದಲ್ಲಿ ಕೂತರೆ ಉದ್ದನೆಯ ಎಳೆಗಳ ಹಾಸಿನ ಕೆಲಸವೆಲ್ಲ ಶಂಕ್ರವ್ವನದು. ನೂಲಿಗೆ ಗಂಜಿ ಹಾಕುವುದರಲ್ಲಿ ಓಣಿಯಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ನೂಲು ಹರಿದರೂ, ಸೆರಗು ಹರಿದರೂ, ಮಾತು ಹರಿದರೂ ಅವಳು ಹೇಳುವ ಕಾರಣ ಒಂದೇ.

"ಗಂಜಿ ಕಂಡಿಲ್ಲರಿ ಮಾಸ್ತರ ಇದು" ಎಂದಳು, ಕಾಗದವನ್ನು ಎರಡು ಬೆರಳಲ್ಲಿ ತಿಕ್ಕಿ. "ಗಂಜಿ ಇಲ್ಲದ್ದು ಹರೀದ ಏನ್ಮಾಡೀತು?"

ಅಪ್ಪ ಒಂದು ಗಳಿಗೆ ಯೋಚಿಸಿ, ತರ್ಕ ಸರಿಯಾಗಿದೆ ಎಂದರು. ಇಂದು ಕೂತು ನೋಡಿದರೆ ಮದ್ದಿನ ಕಾಗದಕ್ಕೆ ಗಂಜಿ ಬಳಿಯುವುದು ಇಳಕಲ್ಲಿನಲ್ಲಿ ಮಾತ್ರ ಸಾಧ್ಯವಿದ್ದ ತಪ್ಪು. ಬೇರೆ ಊರಿನಲ್ಲಾಗಿದ್ದರೆ ಹೊಸ ರೋಲು ಕೊಳ್ಳುತ್ತಿದ್ದರು, ಅಥವಾ ಪಿಸ್ತೂಲನ್ನು ಬೈಯುತ್ತಿದ್ದರು. ನಮ್ಮ ಓಣಿಯಲ್ಲಿ ಮಾತ್ರ ಉದ್ದವಾದದ್ದು ಯಾವುದು ಕಂಡರೂ ಅದಕ್ಕೆ ಗಂಜಿ ಹಾಕಿ ಒಣಗಿಸುವ ಕೈಗಳಿದ್ದವು. ಶಂಕ್ರವ್ವ ಅಕ್ಕಿ ಗಂಜಿಯನ್ನು ತೆಳ್ಳಗೆ ಕಾಸಿ, ಸೋಸಿ, ರೋಲುಗಳನ್ನೆಲ್ಲ ಬಿಚ್ಚಿ ಎರಡು ಮನೆಗಳ ಕಂಬಗಳ ನಡುವೆ ಎಳೆದು ಕಟ್ಟಿದಳು. ಕುಂಚದಿಂದ ಮೇಲಿನಿಂದೊಮ್ಮೆ ಕೆಳಗಿನಿಂದೊಮ್ಮೆ ಸವರಿದಳು. ಸಂಜೆಯ ಬಿಸಿಲಿಗೆ ಆ ಗುಲಾಬಿ ಪಟ್ಟಿಗಳು ಸಾಲು ಚುಕ್ಕಿಗಳೊಂದಿಗೆ ಹೊಳೆದದ್ದು ಎಷ್ಟು ಚೆಂದವಿತ್ತೆಂದರೆ, ಅವಳ ಗಂಡ ಮಗ್ಗ ಬಿಟ್ಟು ಎದ್ದು ಬಂದು, ಹೊಸ ನಮೂನೆಯ ಸೀರೆಯ ದಡಿ ನೇಯಲು ಯಾರು ಹೇಳಿದರೆಂದು ಕೇಳಿದ.

ಒಣಗಿದ ಮೇಲೆ ಕಾಗದ ಚರ್ಮದ ಪಟ್ಟಿಯಂತಾಯಿತು. ಪಿಸ್ತೂಲಿನೊಳಗೆ ಹಾಕಿ ಎಳೆದರೆ ಟಕ್ ಟಕ್ ಎಂದು ಒಂದಾದ ಮೇಲೊಂದು ಸರಿಯಿತು, ಹರಿಯಲಿಲ್ಲ. ಹಾರಲೂ ಇಲ್ಲ. ಒಳಗೆ ಇನ್ನೂ ಹಸಿ ಇದೆ, ಬದಾಮಿಯ ಬಂಡೆಗಲ್ಲಿನ ಬಿಸಿಲಿಗೆ ಸರಿಹೋಗುತ್ತದೆ ಎಂದರು ಅಪ್ಪ. ಶಂಕ್ರವ್ವನೂ ತಲೆಯಾಡಿಸಿದಳು. ಅವಳ ಪಾಲಿಗೆ ಕೆಲಸ ಮುಗಿದಿತ್ತು: ಹರಿಯಬಾರದಿತ್ತು, ಹರಿಯಲಿಲ್ಲ.

ಮರುದಿನ ಬಸ್ಸು. ಹುನಗುಂದದಲ್ಲಿ ಇಳಿದು ಬದಾಮಿಯ ಬಸ್ಸು ಹಿಡಿಯಬೇಕು. ಸೀಟು ಹಿಡಿಯುವ ಗದ್ದಲದಲ್ಲಿ ನನ್ನ ಕೈಚೀಲದಿಂದ ಪಿಸ್ತೂಲಿನ ಮೂತಿ ಹೊರಗೆ ಬಂದಿತ್ತು. ಕಂಡಕ್ಟರ್ ಅದನ್ನೂ ನನ್ನನ್ನೂ ನೋಡಿ, ಗಂಭೀರವಾಗಿ ಎರಡೂ ಕೈ ಮೇಲೆತ್ತಿ, "ತಮ್ಮಾ, ಕಡೀ ಸೀಟ ನಿಂದ" ಎಂದ. ಬದಾಮಿಯವರೆಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ನನ್ನ ಬಾಳಿನಲ್ಲಿ ಆಯುಧಬಲದಿಂದ ಗಳಿಸಿದ್ದು ಅದೊಂದೇ.

ಮಾವಶಿಯ ಮನೆಯಲ್ಲಿ ನಸುಕಿನಿಂದಲೇ ಎರಡನೆಯ ಸಲದ ಹಿಟ್ಟು ಕುದಿಯುತ್ತಿತ್ತು. ಲಗ್ನ ಹತ್ತಿರ ಬಂದಿತ್ತು, ಮೋಡವೂ ಆಡುತ್ತಿತ್ತು. ಇದೂ ಹೋದರೆ ಮೂರನೆಯ ಸಲ ಹಾಕುವುದಕ್ಕೆ ಬಿಸಿಲೂ ಇಲ್ಲ, ದಿನವೂ ಇಲ್ಲ. ಮಾವಶಿ ಹಿಟ್ಟು ತಿರುವುತ್ತ ತಿರುವುತ್ತ ಒಂದು ಕಿವಿಯನ್ನು ಮಾಳಿಗೆಯ ಕಡೆಗೇ ಇಟ್ಟಿದ್ದಳು. ಮೇಲೆ ಯಾವ ಸಣ್ಣ ಸದ್ದಾದರೂ ಸೌಟು ಬಿಟ್ಟು ಓಡುವಳು, ಮತ್ತೆ ಬಂದು ಎಲ್ಲಿಗೆ ನಿಲ್ಲಿಸಿದ್ದೆನೆಂದು ವತ್ಸಲಕ್ಕನನ್ನು ಕೇಳುವಳು. ನಾವು ಮುಟ್ಟುವ ಹೊತ್ತಿಗೆ ಧೋತರದ ಮೇಲೆ ಸಂಡಿಗೆ ಸಾಲುಸಾಲಾಗಿ ಕೂತಿದ್ದವು. ಮಾವಶಿ ಸೆರಗು ಸಿಕ್ಕಿಸಿ, ಕೊಡೆಯ ನೆರಳಿನಲ್ಲಿ ಕೂತು, ಪಿಸ್ತೂಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ವತ್ಸಲಕ್ಕ ಕೋಲು ಹಿಡಿದಳು. ಮದುಮಗಳಿಗೆ ಬಿಸಿಲು ಬಡಿದು ಮುಖ ಕಪ್ಪಾದೀತೆಂದು ಯಾರೋ ಅಂದದ್ದಕ್ಕೆ, ಕಪ್ಪಾದ ಮುಖಕ್ಕೆ ಪೌಡರು ಹಚ್ಚಬಹುದು, ಖಾಲಿ ಬುಟ್ಟಿಗೆ ಏನು ಹಚ್ಚಲಿ ಎಂದು ಮಾವಶಿ ಕೇಳಿದಳು.

ಮಂಗಗಳು ಮಧ್ಯಾಹ್ನ ಬಂದವು. ಇಲ್ಲಿಂದ ಮುಂದೆ ನನ್ನ ನೆನಪೇ ಗತಿ. ಮುಂದೆ ಒಂದು ದೊಡ್ಡ ಗಂಡು ಗಡವ, ಹಿಂದೆ ಹೆಣ್ಣುಗಳು, ಮರಿಗಳು. ಗಡವ ಕುಂಬಿಯ ಮೇಲೆ ಕೂತು ಸಂಡಿಗೆಯನ್ನು ಸಾಲುಸಾಲಾಗಿ ನೋಡಿತು, ಪರೀಕ್ಷೆಗೆ ಬಂದ ಇನ್ಸ್‌ಪೆಕ್ಟರರಂತೆ. ಮಾವಶಿ ಎದ್ದು ನಿಂತು, ಕೈ ಚಾಚಿ, ಕುದುರೆ ಎಳೆದಳು. ಟಕ್. ಮತ್ತೆ ಟಕ್. ಎಳೆದಂತೆಲ್ಲ ಗಂಜಿ ಕುಡಿದ ರೋಲು ಒಂದಿಷ್ಟೂ ಹರಿಯದೆ ಪಿಸ್ತೂಲಿನ ತಲೆಯಿಂದ ಶಾವಿಗೆಯಂತೆ ಉದ್ದಕ್ಕೆ ಇಳಿಯತೊಡಗಿತು.

"ಭಾವ, ಇದು ಮಾತಾಡಲೊಲ್ದು" ಎಂದು ಮಾವಶಿ ಗಡವನ ಮೇಲಿನ ಕಣ್ಣು ತೆಗೆಯದೆ ಕೂಗಿದಳು.

ಅಪ್ಪ ಕೆಳಗಿನಿಂದ ಇನ್ನೊಂದಿಷ್ಟು ಬಿಸಿಲಿಗೆ ಹಿಡಿಯಲು ಹೇಳಿದರು. ಅಷ್ಟರಲ್ಲಿ ಗಡವನಿಗೆ ಅಕ್ಕಿ ಗಂಜಿಯ ವಾಸನೆ ಹತ್ತಿರಬೇಕು. ಸಂಡಿಗೆಯ ಕಡೆಗೆ ನೋಡದೆ ನೇರವಾಗಿ ಬಂದು, ಜೋತಾಡುತ್ತಿದ್ದ ರೋಲಿಗೆ ಕೈ ಹಾಕಿತು. ರೋಲು ಹರಿಯಬೇಕಲ್ಲ? ಅದು ಶಂಕ್ರವ್ವನ ಕೈಯ ಕೆಲಸ. ರೋಲಿನ ಹಿಂದೆ ಪಿಸ್ತೂಲೂ ಹೊರಟಿತು. ಗಡವ ಕುಂಬಿಯ ಮೇಲೆ ಕೂತು ನೆಕ್ಕಿ ನೋಡಿತು, ರುಚಿಸಲಿಲ್ಲ, ತೆಂಗಿನಕಾಯಿ ಒಡೆಯುವಂತೆ ಕಲ್ಲಿಗೆ ಬಡಿಯಿತು. ಬಡಕಲು ಸ್ಪ್ರಿಂಗಿನಿಂದ ಆಗದ್ದು ಆ ತೋಳಿನಿಂದ ಆಯಿತು. ಠಪ್, ಠಪಾಠಪ್. ಹಿಂಡು ಗುಡ್ಡದ ಕಡೆಗೆ ಹಾರಿತು. ಎಲ್ಲಕ್ಕಿಂತ ಮುಂದೆ ಓಡಿದ್ದು ಹಾರಿಸಿದವನೇ.

ಇದು ನನ್ನ ಕಥೆ. ವತ್ಸಲಕ್ಕನ ಪ್ರಕಾರ ಮಂಗದ ಕೈಯಿಂದ ಪಿಸ್ತೂಲು ಜಾರಿ ಅಂಗಳದ ಒಗೆಯುವ ಕಲ್ಲಿನ ಮೇಲೆ ಬಿದ್ದು ಹಾರಿತು. ಅವಳು ಕೋಲು ಬೀಸಿದ್ದರಿಂದಲೇ ಜಾರಿದ್ದು. ಮಾವಶಿಯ ಪ್ರಕಾರ ಮಂಗ ಪಿಸ್ತೂಲನ್ನು ಮುಟ್ಟಿಯೇ ಇಲ್ಲ, ಅವಳೇ ಗುರಿಯಿಟ್ಟು ಎಸೆದಳು, ಕುಂಬಿಗೆ ಬಡಿದು ಹಾರಿತು. ಅಪ್ಪನ ಪ್ರಕಾರ ಇವೆಲ್ಲ ಸುಳ್ಳು, ಬಿಸಿಲಿಗೆ ಗಂಜಿ ಒಣಗಿ ಪಿಸ್ತೂಲು ಮಾವಶಿಯ ಕೈಯಲ್ಲಿಯೇ ಹಾರಿತು, ತಾವು ಮೊದಲೇ ಹೇಳಿದ್ದರು. ಯಾರ ಕಥೆಯಲ್ಲಿ ಯಾರು ಗೆದ್ದಿದ್ದಾರೆ ನೋಡಿ. ನನ್ನ ಕಥೆಯಲ್ಲಿ ನಾನು ಗೆದ್ದಿಲ್ಲ, ಆದ್ದರಿಂದ ಅದೇ ನಿಜವಿರಬೇಕೆಂದು ನಾನು ವಾದಿಸುತ್ತಿದ್ದೆ. ಚಂದದ ಕಥೆ ಸಿಗುವುದೂ ಒಂದು ಗೆಲುವೇ ಎಂದು ಹೆಂಡತಿ ಅಂದ ಮೇಲೆ ಆ ವಾದವನ್ನೂ ಬಿಟ್ಟೆ. ಗಡವನ ಹೇಳಿಕೆ ಸಿಕ್ಕಿಲ್ಲ.

ಮೊಬೈಲಿನ ಆ ಲೇಖನ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನವನಗರದ ಅಂಗಡಿಯೊಂದರಲ್ಲಿ ಹಳೆಯ ಕಾಲದ ರೋಲು ಹುಡುಕಿ ತಂದು, ಅಕ್ಕಿ ಗಂಜಿ ಕಾಸಿ, ಸವರಿ, ಒಣಗಿಸಿ, ಕಲ್ಲಿನಿಂದ ಬಡಿದು ನೋಡಿದೆ. ಕೆಲವು ಹಾರಿದವು, ಕೆಲವು ಹಾರಲಿಲ್ಲ. ಹಾರಿದ್ದನ್ನು ನೋಡಿ ನಾನು ಗೆದ್ದೆನೆಂದೆ, ಹಾರದ್ದನ್ನು ನೋಡಿ ಗಂಜಿ ಹಸಿ ಇದೆಯೆಂದು ಅಪ್ಪ ಅಂದರು. ತಾರಸಿಯ ನೀರಿನ ಟಾಕಿಯ ಮೇಲೆ ಕೂತಿದ್ದ ಮಂಗವೊಂದು ಪ್ರಯೋಗ ಮುಗಿಯುವವರೆಗೆ ನೋಡಿ ಹೋಯಿತು.

"ಮಂಗ್ಯಾ ಓಡಸ್ರಿ ಅಂದ್ರ ಮಂಗ್ಯಾನ ಕೂಡಿಸ್ಕೊಂಡು ಆಟಾ ತೋರಸ್ಲಿಕ್ಕತ್ತೀರಿ" ಎಂದಳು ಹೆಂಡತಿ.

ಯಾರು ಹಾರಿಸಿದರೇನು, ಅಂದು ಸಂಡಿಗೆ ಉಳಿಯಿತು. ಆ ಹಿಂಡು ಲಗ್ನದವರೆಗೆ ಮಾವಶಿಯ ಮಾಳಿಗೆಯನ್ನು ಬಿಟ್ಟು ಸುತ್ತಿ ಹೋಗುತ್ತಿತ್ತು. ಲಗ್ನದ ದಿನ ಬುಟ್ಟಿ ತುಂಬಿ ಬೀಗರ ಮುಂದೆ ಬಂತು. ಪಂಕ್ತಿಯಲ್ಲಿ ಕರಿದ ಸಂಡಿಗೆ ಬಡಿಸಲು ಮಾವಶಿ ಯಾರನ್ನೂ ಬಿಡಲಿಲ್ಲ, ತಾನೇ ಬಂದಳು. ರಮಾಬಾಯಿಯವರ ಎಲೆಯ ಮುಂದೆ ನಿಂತಳು. ಹಿಂದಿನ ಬೆಂಚಿಗೆ ಕೇಳಿಸುವಂತೆ ಮಾತಾಡುವ ಮಾವಶಿ ಅಂದು ಬಾಯಿ ತೆರೆಯಲಿಲ್ಲ. ರಮಾಬಾಯಿಯವರು ಒಂದು ಸಂಡಿಗೆ ಮುರಿದರು, ಬಾಯಿಗೆ ಹಾಕಿದರು, ನಿಧಾನವಾಗಿ ಅಗಿದರು. ಕತ್ತೆತ್ತಿ ಮಾವಶಿಯ ಮುಖ ನೋಡಿದರು.

"ಹ್ಞೂಂ" ಎಂದರು.

ಅಷ್ಟೇ. ಚೆನ್ನಾಗಿದೆ ಎಂದು ಹ್ಞೂಂ ಅಂದರೋ, ಮಂಗಗಳಿಂದ ಉಳಿಸಿಕೊಂಡಿರಲ್ಲ ಎಂದು ಹ್ಞೂಂ ಅಂದರೋ, ಇಷ್ಟಕ್ಕೆ ಇಷ್ಟೆಲ್ಲ ಗದ್ದಲವೇ ಎಂದು ಹ್ಞೂಂ ಅಂದರೋ ತಿಳಿಯದೆ ಮಾವಶಿ ಮುಂದಿನ ಎಲೆಗೆ ಹೋದಳು. ಪಿಸ್ತೂಲಿನ ಜಗಳ ನಮಗೆಲ್ಲ ಆಟ. ಅವಳಿಗೆ ಆ ಹ್ಞೂಂ ಗಂಟಲಲ್ಲಿ ಸಿಕ್ಕ ಸಂಡಿಗೆಯ ಚೂರಿನಂತೆ ಉಳಿಯಿತು. ಬೀಗತಿಯನ್ನು ಕೇಳುವುದೆಂದರೆ ಸಣ್ಣವಳಾದಂತೆ, ಕೇಳದಿರುವುದೆಂದರೆ ನಿದ್ದೆ ಬಾರದು. ಮೊದಮೊದಲು ವತ್ಸಲಕ್ಕ ತವರಿಗೆ ಬಂದಾಗಲೆಲ್ಲ, ನಿಮ್ಮ ಅತ್ತೆ ಸಂಡಿಗೆ ಕರಿದಾಗ ಏನಾದರೂ ಅಂದರೇನೆಂದು ಮಾವಶಿ ಬೇರೆ ಮಾತಿನ ನಡುವೆ ಕೇಳುತ್ತಿದ್ದಳಂತೆ. ಏನೂ ಅನ್ನಲಿಲ್ಲ ಎಂದರೆ ಅವಳಿಗೆ ಇನ್ನಷ್ಟು ಚಿಂತೆ.

ಪ್ರಯೋಗ ಕೈಕೊಟ್ಟ ಮರುವಾರ ನಾನು ವತ್ಸಲಕ್ಕನ ಮನೆಗೆ ಹೋದೆ. ನವನಗರದಲ್ಲಿ ನಮ್ಮಿಂದ ದೂರವಿಲ್ಲ. ರಮಾಬಾಯಿಯವರು ಜೋಕಾಲಿಯ ಮೇಲೆ ಕೂತು ಅವರೆ ಸುಲಿಯುತ್ತಿದ್ದರು. ಕಿವಿ ಮಂದ, ನೆನಪು ಚುರುಕು. ನಾನು ಸುತ್ತುಬಳಸದೆ, ಲಗ್ನದ ದಿನದ ಸಂಡಿಗೆ ನೆನಪಿದೆಯೇ ಎಂದು ಕೇಳಿದೆ. ಅವರು ಕೈ ನಿಲ್ಲಿಸಿದರು. ಒಳಗೆ ವತ್ಸಲಕ್ಕನ ಪಾತ್ರೆಯ ಸದ್ದೂ ನಿಂತಿತು.

"ಯಾಕ ನೆನಪಿಲ್ಲ? ಹೂ ಅರಳಿದಂಗ ಅರಳಿದ್ದು. ಮಂಗ್ಯಾನ ಮಾತು ನಾ ಯಾಕರೆ ಆಡಿದ್ನೋ ಅನ್ನಿಸಿಬಿಡ್ತು" ಎಂದರು. ಒಂದು ಅವರೆಕಾಯಿ ಸುಲಿದರು. ಧ್ವನಿ ತಗ್ಗಿಸಿದರು. "ಉಪ್ಪು ಮಾತ್ರ ಒಂದೀಟ ಕಡಿಮಿ ಇತ್ತು ನೋಡಪಾ. ಆಕಿ ಎದುರಿಗೆ ನಿಂತಿದ್ಲು, ಮಾರಿ ನೋಡಿ ಹೇಳ್ಲಿಕ್ಕೆ ಮನಸ್ಸ ಬರ್ಲಿಲ್ಲ. ಹ್ಞೂಂ ಅಂದು ಸುಮ್ಮನಾದೆ."

ಒಬ್ಬರ ಸಾಕ್ಷಿಯನ್ನು ನಂಬುವುದು ನನ್ನ ಓದಿಗೆ ಶೋಭೆಯಲ್ಲ. ಅಲ್ಲಿಯೇ ನಿಂತು ಬದಾಮಿಗೆ ಫೋನು ಹಚ್ಚಿದೆ. ಮಾವಶಿ ಎತ್ತಿದಳು. ರಮಾಬಾಯಿಯವರು ಹೂವಿನಂತೆ ಅರಳಿದ್ದವೆಂದು ಹೇಳಿದರು ಎಂದೆ, ಆಮೇಲೆ ಉಪ್ಪಿನ ಮಾತನ್ನೂ ಹೇಳಿದೆ. ಮಾವಶಿ ನಗತೊಡಗಿದಳು. ಮೊಬೈಲನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು. ಜೋಕಾಲಿಯ ಮೇಲೆ ಕೂತ ರಮಾಬಾಯಿಯವರ ಮಂದ ಕಿವಿಗೂ ಆ ನಗು ಕೇಳಿಸಿ ಅವರೂ ನಕ್ಕರು.

"ಖರೆ ಅದ ರಾಘು" ಎಂದಳು ಮಾವಶಿ. "ಹಿಟ್ಟು ತಿರುವೂ ಮುಂದ ಮಾಳಿಗಿ ಮ್ಯಾಲ ಏನೋ ಸಪ್ಪಳಾತು. ಓಡಿ ಹೋದೆ. ತಿರುಗಿ ಬಂದು, ಉಪ್ಪು ಹಾಕೀನಿ ಅಂತ ತಿಳಕೊಂಡು ಸುಮ್ಮನಾದೆ. ಒಂದು ಹಿಡಿ ಹಾಕಿದ್ದೆ, ಇನ್ನೊಂದು ಉಳದಿತ್ತು."

ಪಿಸ್ತೂಲನ್ನು ಯಾರು ಹಾರಿಸಿದರೆಂದು ನಾನು ಇನ್ನು ಹುಡುಕುವುದಿಲ್ಲ. ಅಂಗಡಿಯ ಮುಂದೆ ಬೇವಿನ ಮರವಿತ್ತೋ ಇಲ್ಲವೋ ಗೊತ್ತಿಲ್ಲ, ನಾನು ಮೆಟ್ಟಿಲ ಮೇಲಿದ್ದೆನೋ ಅಡುಗೆಮನೆಯಲ್ಲಿದ್ದೆನೋ ಅದೂ ಗೊತ್ತಿಲ್ಲ. ಸಂಡಿಗೆಗೆ ಉಪ್ಪು ಕಡಿಮೆಯಾಗಿತ್ತು. ತಿಂದವರನ್ನೂ ಮಾಡಿದವಳನ್ನೂ ಬೇರೆ ಬೇರೆಯಾಗಿ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.